ಮಕ್ಕಳಲ್ಲಿ ವಿಕಾಸ ವಿಳಂಬ

ವಿಕಾಸ ವಿಳಂಬ ಎಂದರೆ ಐದು ವರ್ಷದೊಳಗಿನ ಮಗುವು ಚಲನೆ, ಮಾತು, ಗ್ರಹಿಕೆ, ಒಡನಾಟ ಮುಂತಾದ ಸಾಮರ್ಥ್ಯಗಳನ್ನು ತನ್ನ ವಯಸ್ಸಿನ ಬಹುಪಾಲು ಮಕ್ಕಳಿಗಿಂತ ಗಣನೀಯವಾಗಿ ತಡವಾಗಿ ಪಡೆಯುವ ಸ್ಥಿತಿ. ಎರಡು ಅಥವಾ ಅದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇಂತಹ ಹಿಂದುಳಿಯುವಿಕೆ ಕಂಡುಬಂದರೆ ಅದನ್ನು ಸಮಗ್ರ ವಿಕಾಸ ವಿಳಂಬ ಎನ್ನುತ್ತಾರೆ. ವೈದ್ಯಕೀಯ ದಾಖಲೆಗಳಲ್ಲಿ ಇದು ಜಿ.ಡಿ.ಡಿ. ಎಂದು ನಮೂದಾಗುತ್ತದೆ. ಇದು ಮಗುವಿನ ಸ್ಥಿತಿಯ ವರ್ಣನೆಯೇ ಹೊರತು ಅದಕ್ಕೆ ಕಾರಣವಾದ ರೋಗದ ಹೆಸರಲ್ಲ. ಹಲವು ಮಕ್ಕಳಲ್ಲಿ ಮೂಲ ಕಾರಣವು ವರ್ಷಗಟ್ಟಲೆ ತಿಳಿಯದೆ ಉಳಿಯುತ್ತದೆ. ಆದರೂ ಚಿಕಿತ್ಸಾತ್ಮಕ ತರಬೇತಿಯನ್ನು ಆರಂಭಿಸಲು ಕಾರಣ ತಿಳಿಯುವವರೆಗೆ ಕಾಯಬೇಕಾಗಿಲ್ಲ.

ಪರಿಭಾಷೆ

ಶಿಕ್ಷಣ ಮನೋವಿಜ್ಞಾನದಲ್ಲಿ ಬೆಳವಣಿಗೆ ಮತ್ತು ವಿಕಾಸ ಎಂಬ ಪದಗಳನ್ನು ಭಿನ್ನಾರ್ಥದಲ್ಲಿ ಬಳಸಲಾಗುತ್ತದೆ. ಎತ್ತರ, ತೂಕಗಳ ಹೆಚ್ಚಳ ಬೆಳವಣಿಗೆ. ಕುಳಿತುಕೊಳ್ಳುವುದು, ಮಾತನಾಡುವುದು, ಅರ್ಥಮಾಡಿಕೊಳ್ಳುವುದು ಮುಂತಾದ ಸಾಮರ್ಥ್ಯಗಳ ಅರಳುವಿಕೆ ವಿಕಾಸ. ಆದ್ದರಿಂದ ಮೈತುಂಬಿಕೊಂಡು ಆರೋಗ್ಯವಾಗಿ ಕಾಣುವ ಮಗುವಿನಲ್ಲಿಯೂ ವಿಕಾಸ ವಿಳಂಬ ಇರಬಹುದು. ತೂಕ ಸರಿಯಾಗಿದೆ ಎಂಬ ಸಮಾಧಾನದಲ್ಲಿ ವಿಳಂಬವು ಗಮನಕ್ಕೆ ಬಾರದೆ ಹೋಗುವುದುಂಟು. ವಿಕಾಸ ವಿಳಂಬ ಮತ್ತು ಬೌದ್ಧಿಕ ಅಸಾಮರ್ಥ್ಯ ಒಂದೇ ಅಲ್ಲ. ಐದು ವರ್ಷದೊಳಗೆ ಬುದ್ಧಿಶಕ್ತಿಯನ್ನು ನಂಬಲರ್ಹವಾಗಿ ಅಳೆಯುವುದು ಕಷ್ಟವಾದ್ದರಿಂದ ಆ ವಯಸ್ಸಿನವರೆಗೆ ವಿಳಂಬ ಎಂಬ ಪದವನ್ನೇ ಬಳಸುತ್ತಾರೆ.

ವಿಕಾಸದ ಮೈಲಿಗಲ್ಲುಗಳು

ಅಮೆರಿಕದ ಮನೋವಿಜ್ಞಾನಿ ಆರ್ನಾಲ್ಡ್ ಗೆಸೆಲ್ 20ನೆಯ ಶತಮಾನದ ಮೊದಲ ಭಾಗದಲ್ಲಿ ಶಿಶುಗಳನ್ನು ಕ್ರಮಬದ್ಧವಾಗಿ ಗಮನಿಸಿ, ಯಾವ ವಯಸ್ಸಿನಲ್ಲಿ ಯಾವ ಸಾಮರ್ಥ್ಯ ಮೂಡುತ್ತದೆ ಎಂಬುದನ್ನು ದಾಖಲಿಸಿದರು. ಮೈಲಿಗಲ್ಲುಗಳಿಗೆ ನಿಶ್ಚಿತ ದಿನಾಂಕವಿಲ್ಲ, ಒಂದು ವ್ಯಾಪ್ತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯುವ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿಕೊಂಡಿದೆ. ಅವಧಿಗೆ ಮುನ್ನ ಜನಿಸಿದ ಮಕ್ಕಳ ವಯಸ್ಸನ್ನು ಎರಡು ವರ್ಷದವರೆಗೆ, ಹೆರಿಗೆ ಆಗಬೇಕಾಗಿದ್ದ ದಿನದಿಂದ ಲೆಕ್ಕಹಾಕಬೇಕು.

ಕೆಳಗಿನ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡರೂ ವೈದ್ಯರಲ್ಲಿ ತೋರಿಸುವುದು ಅಗತ್ಯ:

- 3 ತಿಂಗಳಾದರೂ ಮುಖ ನೋಡಿ ನಗದಿರುವುದು
- 10 ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿರುವುದು
- ಒಂದು ವರ್ಷವಾದರೂ ಹೆಸರು ಕೂಗಿದಾಗ ತಿರುಗದಿರುವುದು, ಬೆರಳು ತೋರಿಸದಿರುವುದು
- 18 ತಿಂಗಳಾದರೂ ನಡೆಯದಿರುವುದು
- 2 ವರ್ಷವಾದರೂ ಎರಡು ಪದಗಳನ್ನು ಸ್ವಂತವಾಗಿ ಜೋಡಿಸಿ ಹೇಳದಿರುವುದು
- ಯಾವುದೇ ವಯಸ್ಸಿನಲ್ಲಿ, ಕಲಿತದ್ದನ್ನು ಕಳೆದುಕೊಳ್ಳುವುದು

ಕೊನೆಯ ಲಕ್ಷಣವನ್ನೂ, ಶಿಶುವು ಸಾಲುಸಾಲಾಗಿ ಬೆಚ್ಚಿದಂತೆ ಮೈ ಬಾಗಿಸುವ ಸೆಳೆತವನ್ನೂ ತುರ್ತಾಗಿ ಪರಿಗಣಿಸಬೇಕು.

ಕಾರಣಗಳು

ವರ್ಣತಂತು ಮತ್ತು ಜೀನ್‌ಗಳ ವ್ಯತ್ಯಾಸ, ಗರ್ಭಾವಸ್ಥೆಯ ಸೋಂಕು, ಅವಧಿಪೂರ್ವ ಜನನ, ಹೆರಿಗೆಯ ವೇಳೆ ಮೆದುಳಿಗೆ ಆಮ್ಲಜನಕದ ಕೊರತೆ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮೆದುಳಿನ ಸೋಂಕು, ತೀವ್ರ ಅಪೌಷ್ಟಿಕತೆ ಮೊದಲಾದವು ಮುಖ್ಯ ಕಾರಣಗಳು. ರಕ್ತಸಂಬಂಧದಲ್ಲಿ ನಡೆಯುವ ವಿವಾಹಗಳಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ವಿವಾಹವಾಗುವ ರೂಢಿ ಇರುವುದರಿಂದ ಈ ವಿವರವನ್ನು ವೈದ್ಯರು ಕೇಳುತ್ತಾರೆ.

ಚಿಕಿತ್ಸೆಯಿಂದ ಗುಣಪಡಿಸಬಹುದಾದ ಅಥವಾ ತಡೆಯಬಹುದಾದ ಕಾರಣಗಳನ್ನು ಮೊದಲು ಹುಡುಕುವುದು ರೂಢಿ. ಹುಟ್ಟಿನಿಂದ ಬಂದ ಥೈರಾಯ್ಡ್ ಕೊರತೆಯನ್ನು ಮೊದಲ ವಾರಗಳಲ್ಲೇ ಗುರುತಿಸಿ ಔಷಧಿ ನೀಡಿದರೆ ಮೆದುಳಿಗೆ ಆಗುವ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ತಾಯಿಯಲ್ಲಿ ವಿಟಮಿನ್ ಬಿ12 ಕೊರತೆಯಿದ್ದು, ಎದೆಹಾಲನ್ನು ಮಾತ್ರ ದೀರ್ಘಕಾಲ ಕುಡಿದ ಶಿಶುವಿನಲ್ಲಿ ಮಂಕುತನ ಮತ್ತು ಹಿನ್ನಡೆ ಕಾಣಿಸಬಹುದು. ಇದಕ್ಕೂ ಚಿಕಿತ್ಸೆಯಿದೆ. ಮಾತು ಬಾರದ ಪ್ರತಿಯೊಂದು ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು. ಬಾಗಿಲ ಸದ್ದಿಗೆ ತಿರುಗುತ್ತದೆ ಎಂಬುದರಿಂದ ಕಿವಿ ಸರಿಯಾಗಿದೆ ಎಂದು ತೀರ್ಮಾನಿಸಲಾಗದು.

ಹೆಸರಿಲ್ಲದ ಸ್ಥಿತಿ

ಮೆದುಳಿನ ಎಂ.ಆರ್.ಐ., ರಕ್ತ ಪರೀಕ್ಷೆ, ವರ್ಣತಂತುಗಳ ಮೈಕ್ರೋಅರೇ, ಎಕ್ಸೋಮ್ ಪರೀಕ್ಷೆ ಮುಂತಾದವುಗಳ ನಂತರವೂ ಕಾರಣ ಸಿಗದಿರಬಹುದು. ಪರೀಕ್ಷೆಯಲ್ಲಿ ಏನೂ ಸಿಗದಿರುವುದಕ್ಕೆ ಮಗುವಿನಲ್ಲಿ ತೊಂದರೆಯಿಲ್ಲ ಎಂಬ ಅರ್ಥವಿಲ್ಲ. ಇಂದಿನ ಜ್ಞಾನಕ್ಕೆ ಅದು ನಿಲುಕಿಲ್ಲ ಎಂದಷ್ಟೇ ಅರ್ಥ. ರೆಟ್ ಸಿಂಡ್ರೋಮ್ ಇದಕ್ಕೆ ಒಂದು ನಿದರ್ಶನ. ಆಸ್ಟ್ರಿಯಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ಅದನ್ನು ವರ್ಣಿಸಿದರು. ಅದರ ಜೀನ್ ಪತ್ತೆಯಾದದ್ದು 1999ರಲ್ಲಿ. ಹಳೆಯ ಎಕ್ಸೋಮ್ ಮಾಹಿತಿಯನ್ನೇ ಕೆಲವು ವರ್ಷಗಳ ನಂತರ ಮರುವಿಶ್ಲೇಷಣೆ ಮಾಡಿದಾಗ ಉತ್ತರ ದೊರೆಯುವುದೂ ಉಂಟು. ಆದ್ದರಿಂದ ಎಲ್ಲ ವರದಿಗಳನ್ನು ಜೋಪಾನವಾಗಿ ಇಡಬೇಕು.

ರೋಗಕ್ಕೆ ಹೆಸರಿಲ್ಲದಿರುವುದು ತಂದೆತಾಯಿಯರಿಗೆ ಪ್ರತ್ಯೇಕವಾದ ಒಂದು ಹೊರೆ. ಮಗು ಮುಂದೆ ಹೇಗಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಬಂಧುಗಳಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಒಂದೇ ರೋಗದ ಹೆಸರಿನಡಿ ಕೂಡಿದ ಪೋಷಕರ ಗುಂಪುಗಳಲ್ಲಿ ತಾವು ಸೇರುತ್ತೇವೆಯೇ ಎಂಬ ಅಳುಕಿರುತ್ತದೆ. ಹಲವು ಮನೆಗಳಲ್ಲಿ ಆಪಾದನೆ ತಾಯಿಯ ಮೇಲೆಯೇ ಬರುತ್ತದೆ. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದು, ಮಗುವನ್ನು ಬಿಟ್ಟು ಕೆಲಸಕ್ಕೆ ಹೋದದ್ದು ವಿಳಂಬಕ್ಕೆ ಕಾರಣವೆಂಬ ಮಾತುಗಳಿಗೆ ಆಧಾರವಿಲ್ಲ. ಇನ್ನೊಂದು ಕಡೆ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಹಿರಿಯರ ಸಾಂತ್ವನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿ ಕರ್ನಾಟಕದಲ್ಲಿದೆ. ಅದು ಶ್ರವಣ ಪರೀಕ್ಷೆಗಾಗಲಿ ವಾಕ್ ತರಬೇತಿಗಾಗಲಿ ಪರ್ಯಾಯವಲ್ಲ.

ಆರಂಭಿಕ ತರಬೇತಿ ಮತ್ತು ಪಾಲನೆ

ಜೀವನದ ಮೊದಲ ವರ್ಷಗಳಲ್ಲಿ ಮೆದುಳು ಅನುಭವಕ್ಕೆ ತಕ್ಕಂತೆ ಬೇಗ ರೂಪುಗೊಳ್ಳುತ್ತದೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆ, ದೈನಂದಿನ ಕೌಶಲಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿ ಮತ್ತು ವಿಶೇಷ ಶಿಕ್ಷಣಗಳು ಮಗುವಿಗೆ ಈಗ ಏನು ಬರುತ್ತದೆ, ಮುಂದಿನ ಹೆಜ್ಜೆ ಯಾವುದು ಎಂಬುದನ್ನು ಆಧರಿಸಿರುತ್ತವೆ. ಕಾರಣ ತಿಳಿದ ಮಗುವಿಗೂ ತಿಳಿಯದ ಮಗುವಿಗೂ ತರಬೇತಿಯ ಬಹುಭಾಗ ಒಂದೇ.

ತರಬೇತುದಾರರೊಡನೆ ಮಗು ಕಳೆಯುವುದು ವಾರಕ್ಕೆ ಕೆಲವೇ ಗಂಟೆ; ಉಳಿದ ಸಮಯವೆಲ್ಲ ಮನೆಯಲ್ಲಿ. ಸ್ನಾನ, ಊಟ, ಬಟ್ಟೆ ಹಾಕುವುದು ಇವೇ ಕಲಿಕೆಯ ಸಂದರ್ಭಗಳು. ‘ನೀರು’, ‘ಬಿಸಿ’, ‘ಇನ್ನೂ ಬೇಕಾ?’ ಎಂದು ಚಿಕ್ಕ ಮಾತುಗಳಲ್ಲಿ ಹೇಳಿ, ಮಗು ಉತ್ತರಿಸಲು ಕೆಲ ಕ್ಷಣ ಕಾಯುವುದು. ಚಪಾತಿ ಹಿಟ್ಟನ್ನು ನಾದಲು ಬಿಡುವುದು. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು ಕಲಿಸುವುದು ಉಪಯುಕ್ತ. ಮಗು ಹೊಸದಾಗಿ ಕಲಿತದ್ದನ್ನು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡುವುದು, ಸಂದೇಹ ಬಂದ ವರ್ತನೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುವುದು ವೈದ್ಯರಿಗೆ ನೆರವಾಗುತ್ತದೆ. ಒಡಹುಟ್ಟಿದವರಿಗೆ ವಿಷಯವನ್ನು ಸರಳವಾಗಿ ತಿಳಿಸುವುದು, ಆರೈಕೆ ಒಬ್ಬರ ಮೇಲೆಯೇ ಬೀಳದಂತೆ ಹಂಚಿಕೊಳ್ಳುವುದು ಇಡೀ ಕುಟುಂಬದ ಸ್ವಾಸ್ಥ್ಯಕ್ಕೆ ಅವಶ್ಯಕ.

ಭಾರತದಲ್ಲಿ ಲಭ್ಯ ವ್ಯವಸ್ಥೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ವಿಕಾಸ ವಿಳಂಬವು ಅದರ ನಾಲ್ಕು ವಿಭಾಗಗಳಲ್ಲಿ ಒಂದು. ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಿ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗಾಗಿ ಕೇರಳದಲ್ಲಿ ರೂಪಿಸಿದ, 17 ಅಂಶಗಳ ತಿರುವನಂತಪುರ ತಪಾಸಣಾ ಪಟ್ಟಿಯನ್ನು ಅಲ್ಪ ತರಬೇತಿ ಪಡೆದ ಕಾರ್ಯಕರ್ತೆಯರೂ ಬಳಸಬಹುದು. ಕರ್ನಾಟಕದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಬೌದ್ಧಿಕ ಅಸಾಮರ್ಥ್ಯದ ಪ್ರಮಾಣೀಕರಣಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಒಂದರಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸಮಗ್ರ ವಿಕಾಸ ವಿಳಂಬ ಎಂದೇ ನಮೂದಿಸಲು ಅವಕಾಶ ನೀಡಿತ್ತು. ಹೀಗಾಗಿ ಮೂಲ ಕಾರಣ ತಿಳಿಯದಿರುವುದು ಪ್ರಮಾಣಪತ್ರಕ್ಕೆ ಅಡ್ಡಿಯಾಗಬೇಕಿಲ್ಲ.

ಮುನ್ನೋಟ

ಕೆಲವು ಮಕ್ಕಳು ಶಾಲೆ ಸೇರುವ ವೇಳೆಗೆ ಓರಗೆಯವರನ್ನು ಸಮೀಪಿಸುತ್ತಾರೆ. ಕೆಲವರಲ್ಲಿ ಮುಂದೆ ಆಟಿಸಂ, ಮೆದುಳಿನ ಪಾರ್ಶ್ವವಾಯು ಅಥವಾ ಬೌದ್ಧಿಕ ಅಸಾಮರ್ಥ್ಯ ದೃಢಪಡುತ್ತದೆ. ಕೆಲವರ ಸ್ಥಿತಿಗೆ ಕೊನೆಯವರೆಗೂ ಹೆಸರು ದೊರೆಯದು. ಒಂದೇ ಭೇಟಿಯಲ್ಲಿ ಭವಿಷ್ಯವನ್ನು ಹೇಳಲಾಗುವುದಿಲ್ಲವಾದ್ದರಿಂದ ನಿಯತಕಾಲಿಕವಾಗಿ ಮರುಮೌಲ್ಯಮಾಪನ ನಡೆಸುತ್ತಾರೆ. ಆಗ ಮಗುವನ್ನು ಇತರರೊಡನೆ ಹೋಲಿಸುವುದರ ಜೊತೆಗೆ, ಆರು ತಿಂಗಳ ಹಿಂದಿನ ಅದರ ಸ್ಥಿತಿಯೊಡನೆಯೂ ಹೋಲಿಸಿ ಪ್ರಗತಿಯನ್ನು ಅಳೆಯಲಾಗುತ್ತದೆ.