ಭೂಮಿಯ ಉಬ್ಬು ಅಳೆದ ಸರಪಳಿ

ಭೂಮಿ ತಿರುಗುವಾಗ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳೂ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಸಾಗುತ್ತವೆ, ಧ್ರುವದಲ್ಲಿ ಈ ವೇಗ ಸೊನ್ನೆ. ಆದ್ದರಿಂದ ಭೂಮಿ ನಡುವೆ ಉಬ್ಬಿರಬೇಕೆಂದು ನ್ಯೂಟನ್ 1687ರಲ್ಲಿ ಲೆಕ್ಕ ಹಾಕಿದರು. ಹಾಗಿದ್ದರೆ ಧ್ರುವದ ಕಡೆಗೆ ಹೋದಂತೆ ಒಂದು ಡಿಗ್ರಿ ಅಕ್ಷಾಂಶದ ಉದ್ದ ಹೆಚ್ಚಬೇಕು. ಅದನ್ನು ನಿಖರವಾಗಿ ಅಳೆಯುವ ಕೆಲಸದಲ್ಲಿ ನಮ್ಮ ನಾಡಿನ ನೆಲಕ್ಕೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಸರ್ವೆಗೆ 1804ರಲ್ಲಿ ಬೆಂಗಳೂರಿನ ಬಳಿ, 1815ರಲ್ಲಿ ಬೀದರ ಸೀಮೆಯಲ್ಲಿ ಸರಪಳಿ ಹಾಸಿ ಆಧಾರರೇಖೆಗಳನ್ನು ಅಳೆದರು. ಈ ಅಳತೆಗಳನ್ನೂ ಬಳಸಿ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರ ಲೆಕ್ಕಹಾಕಿದರು. ಸಮಭಾಜಕದ ತ್ರಿಜ್ಯ ಧ್ರುವದ್ದಕ್ಕಿಂತ ಸುಮಾರು 21 ಕಿ.ಮೀ. ಹೆಚ್ಚೆಂದು ಇಂದು ತಿಳಿದಿದೆ. ಮೊಬೈಲಿನ ನಕಾಶೆಯೂ ಈ ಉಬ್ಬನ್ನು ಲೆಕ್ಕಕ್ಕೆ ಹಿಡಿದೇ ದಾರಿ ತೋರಿಸುತ್ತದೆ. ಬಿಸಿಲಲ್ಲಿ ಸರಪಳಿ ಎಳೆದ, ಬಾವುಟ ಹಿಡಿದು ನಿಂತ ಆಳುಗಳ ಹೆಸರು ನಮ್ಮ ಪಠ್ಯಗಳಲ್ಲಿಲ್ಲ. ನಕಾಶೆ ತೆರೆಯುವ ನಮ್ಮ ಶಾಲೆಯ ಮಕ್ಕಳು ಅವರನ್ನೂ ನೆನೆಯಲಿ.