ನೀರು ಸೋಸುವ ಪೊರೆ ಮತ್ತು ನ್ಯಾನೊ ವಸ್ತು: ಒಂದು ಚಾರಿತ್ರಿಕ ಪರಿಶೀಲನೆ

ನೀರು ಸೋಸುವ ಪೊರೆಗಳಲ್ಲಿ ನ್ಯಾನೊ ತಂತ್ರದ ಚರಿತ್ರೆಯನ್ನು ಇಂಗಾಲದ ನ್ಯಾನೊ ಕೊಳವೆ ಮತ್ತು ಗ್ರಾಫೀನ್‌ಗಳಿಂದ ಆರಂಭಿಸುವುದು ವಾಡಿಕೆ. ಈ ಕಾಲಗಣನೆಯನ್ನು ಒಪ್ಪುವುದು ಕಷ್ಟ. ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಟ್ಟುಕೊಡುವ ಪೊರೆ ಬಳಕೆಗೆ ಬಂದದ್ದೇ ಅದರ ಕೆಲಸ ಮಾಡುವ ಭಾಗ ನ್ಯಾನೊ ಅಳತೆಗೆ ಇಳಿದಾಗ. 1950ರ ದಶಕದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಚಾರ್ಲ್ಸ್ ರೀಡ್ ಮತ್ತು ಅವರ ಶಿಷ್ಯ ಬ್ರೆಟನ್, ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆಂದು ತೋರಿಸಿದ್ದರು. ಆದರೆ ಹಾಳೆ ಇಡಿಯಾಗಿ ಒತ್ತಾಗಿದ್ದುದರಿಂದ ಅದರಿಂದ ನೀರು ಬರುತ್ತಿದ್ದುದು ತೀರ ಅಲ್ಪ. 1960ರ ಹೊತ್ತಿಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಈ ತೊಡಕನ್ನು ಬಿಡಿಸಿದರು. ಅವರ ಪೊರೆಯ ಮೇಲ್ಭಾಗದಲ್ಲಿ ಕೆಲವೇ ನೂರು ನ್ಯಾನೊಮೀಟರ್ ದಪ್ಪದ ಒತ್ತಾದ ತೊಗಲಿತ್ತು, ಅದರ ಕೆಳಗೆ ಸ್ಪಂಜಿನಂಥ ಆಸರೆ. ಉಪ್ಪನ್ನು ತಡೆಯುವ ಹೊಣೆಯೆಲ್ಲ ಆ ತೊಗಲಿನದು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಊರಿಗೆ ಈ ಬಗೆಯ ಪೊರೆ ಕುಡಿಯುವ ನೀರು ಕೊಟ್ಟಿತು. 1970ರ ದಶಕದ ಕೊನೆಗೆ ಜಾನ್ ಕ್ಯಾಡಾಟ್ ತೊಗಲು ಮತ್ತು ಆಸರೆಗಳನ್ನು ಬೇರೆ ಬೇರೆ ವಸ್ತುಗಳಿಂದ ಮಾಡಿ, ಮೇಲ್ಪದರವಾಗಿ ತೆಳು ಪಾಲಿಅಮೈಡನ್ನು ಬೆಳೆಸಿದರು. ನಂತರದ ನ್ಯಾನೊ ವಸ್ತುಗಳೆಲ್ಲ ಪೈಪೋಟಿ ನಡೆಸಬೇಕಾದದ್ದು ಈ ಪದರದೊಂದಿಗೆ.

ಆ ಪೈಪೋಟಿಯಲ್ಲಿ ಕಾರ್ಖಾನೆಯವರೆಗೆ ನಡೆದು ಬಂದದ್ದು ಪಾಲಿಅಮೈಡನ್ನು ಪಕ್ಕಕ್ಕೆ ಸರಿಸಿದ ವಸ್ತುವಲ್ಲ, ಅದರೊಳಗೇ ಬೆರೆತ ವಸ್ತು. 2007ರಲ್ಲಿ ಅದೇ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದ ಎರಿಕ್ ಹೋಕ್ ಅವರ ತಂಡ, ಸುಮಾರು 0.4 ನ್ಯಾನೊಮೀಟರ್ ರಂಧ್ರಗಳುಳ್ಳ ಜಿಯೊಲೈಟ್ ಕಣಗಳನ್ನು ಪಾಲಿಅಮೈಡ್ ಬೆಳೆಯುವಾಗಲೇ ಸೇರಿಸಿತು. ಉಪ್ಪಿನ ತಡೆ ಹೆಚ್ಚುಕಡಿಮೆ ಹಾಗೆಯೇ ಉಳಿದು, ನೀರಿನ ಹರಿವು ಇಮ್ಮಡಿಯ ಹತ್ತಿರಕ್ಕೆ ಏರಿತು. ಈ ಸಂಶೋಧನೆಯಿಂದ ಹುಟ್ಟಿದ ನ್ಯಾನೊಎಚ್‌2ಒ ಕಂಪನಿಯನ್ನು 2014ರಲ್ಲಿ ಎಲ್‌ಜಿ ಕೆಮ್ ಕೊಂಡುಕೊಂಡಿತು. ಇಲ್ಲೊಂದು ಆಕ್ಷೇಪವುಂಟು: ನೀರು ನಿಜಕ್ಕೂ ಜಿಯೊಲೈಟಿನ ರಂಧ್ರಗಳಲ್ಲಿ ಹಾಯುತ್ತದೆಯೋ, ಅಥವಾ ಕಣದ ಸುತ್ತ ಪಾಲಿಅಮೈಡ್ ಸಡಿಲವಾಗಿ ಬೆಳೆದದ್ದರಿಂದ ಹರಿವು ಹೆಚ್ಚಿತೋ? ಆಕ್ಷೇಪ ತೂಕದ್ದೇ. ಆದರೆ ಎರಡನೆಯದೇ ನಿಜವಾದರೂ ನನ್ನ ವಾದಕ್ಕೆ ಅದರಿಂದ ಬಲವೇ ಬರುತ್ತದೆ. ಆಗ ಕಣದ ಮುಖ್ಯ ಕೆಲಸ ದಾರಿಯಾಗುವುದಲ್ಲ, ಹಳೆಯ ಪದರದ ಬೆಳವಣಿಗೆಯನ್ನು ತಿದ್ದುವುದು ಎಂದಾಗುತ್ತದೆ.

ಪಾಲಿಅಮೈಡನ್ನೇ ಬದಲಿಸಬಲ್ಲವೆಂದು ನಂಬಿದ್ದ ವಸ್ತುಗಳ ಕಥೆ ಬೇರೆ. 2006ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2 ನ್ಯಾನೊಮೀಟರಿಗಿಂತ ಕಿರಿದಾದ ಇಂಗಾಲದ ಕೊಳವೆಗಳಲ್ಲಿ ನೀರು, ಹಳೆಯ ದ್ರವಚಲನ ಸೂತ್ರಗಳ ಲೆಕ್ಕಕ್ಕಿಂತ ಸಾವಿರ ಪಟ್ಟಿಗೂ ಮೀರಿ ವೇಗವಾಗಿ ಹರಿಯುವುದನ್ನು ಅಳೆದರು. 2012ರಲ್ಲಿ ಎಂಐಟಿಯ ಕೋಹೆನ್-ತನುಜಿ ಮತ್ತು ಗ್ರಾಸ್‌ಮನ್, ರಂಧ್ರ ಕೊರೆದ ಗ್ರಾಫೀನ್ ಉಪ್ಪನ್ನು ತಡೆಯಬಲ್ಲದೆಂದು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದರು. ಎರಡೂ ದೊಡ್ಡ ಕೆಲಸಗಳೇ, ಆದರೆ ಎರಡೂ ವೇಗದ ಹಿಂದೆ ಹೋದವು. ವೇಗದಿಂದ ಉಳಿಯುವ ವಿದ್ಯುತ್ತಿಗೂ ಮಿತಿಯುಂಟು: 35,000 ಪಿಪಿಎಂ ಲವಣದ ಸಮುದ್ರದ ನೀರಿನಲ್ಲಿ ಅರ್ಧವನ್ನು ಸಿಹಿಯಾಗಿಸಲು, ಸಿಗುವ ಪ್ರತಿ ಘನ ಮೀಟರ್ ನೀರಿಗೆ ಉಷ್ಣಗತಿ ನಿಯಮದ ಪ್ರಕಾರ ಕನಿಷ್ಠ 1.06 ಯೂನಿಟ್ ವಿದ್ಯುತ್ ಬೇಕೇ ಬೇಕು ಎಂದು 2011ರಲ್ಲಿ ಎಲಿಮೆಲೆಕ್ ಮತ್ತು ಫಿಲಿಪ್ ನೆನಪಿಸಿದರು. ಎಂಥ ಪೊರೆಯೂ ಈ ಗೆರೆಯನ್ನು ದಾಟದು. ಅದಲ್ಲದೆ ಪೊರೆಯ ಮೇಲೆ ಕೂರುವ ಜೀವಾಣು ಪಾಚಿ, ಪಾಲಿಅಮೈಡನ್ನು ಕೊರೆಯುವ ಕ್ಲೋರಿನ್, ಬೋರಿಕ್ ಆಮ್ಲದಂಥ ಪುಟ್ಟ ಅಣುಗಳ ನುಸುಳುವಿಕೆ, ಇವು ಯಾವುವೂ ಹರಿವು ಹೆಚ್ಚಿದರೆ ನೀಗುವುದಿಲ್ಲ.

ಹಾಗಾದರೆ ಹರಿವಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಬೆಲೆಯಿದೆ, ಆದರೆ ಸಮುದ್ರದ ನೀರಿಗಿಂತ ಸವುಳು ನೀರಿನಲ್ಲಿ ಹೆಚ್ಚು. ಹರಿವನ್ನು ಮೂರು ಪಟ್ಟು ಮಾಡಿದರೆ ಸಮುದ್ರದ ನೀರಿನ ಸ್ಥಾವರದಲ್ಲಿ ಶೇ. 15ರಷ್ಟು, ಸವುಳು ನೀರಿನಲ್ಲಿ ಶೇ. 46ರಷ್ಟು ವಿದ್ಯುತ್ ಉಳಿದೀತೆಂದು 2014ರಲ್ಲಿ ಕೋಹೆನ್-ತನುಜಿ ಅವರ ತಂಡವೇ ಲೆಕ್ಕ ಹಾಕಿತು. ಪಾವಗಡ, ಕೋಲಾರಗಳಂಥ ಫ್ಲೋರೈಡ್ ಪೀಡಿತ ಊರುಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಸೋಸುವುದು ಸಮುದ್ರದ ನೀರನ್ನಲ್ಲ, ಕೊಳವೆಬಾವಿಯ ನೀರನ್ನು. ದೊಡ್ಡ ಸ್ಥಾವರದ ಈ ಲೆಕ್ಕವನ್ನು ಹಳ್ಳಿಯ ಪುಟ್ಟ ಘಟಕಕ್ಕೆ ಹಾಗೆಯೇ ಹಚ್ಚಲಾಗದು. ಅಲ್ಲಿ ಚರಂಡಿಗೆ ಹೋಗುವ ತ್ಯಾಜ್ಯ ನೀರು ಇನ್ನೂ ದೊಡ್ಡ ಚಿಂತೆ, ಮತ್ತು ಅದನ್ನು ತಗ್ಗಿಸಲು ವೇಗದ ಪೊರೆಗಿಂತ ಸುಣ್ಣಗಲ್ಲು ಕಟ್ಟದ ಪೊರೆ ಬೇಕು. ನ್ಯಾನೊ ವಸ್ತುವನ್ನು ಮೆಚ್ಚುವ ಮುನ್ನ ಕೇಳಬೇಕಾದ ಪ್ರಶ್ನೆ ಅದು ನೀರನ್ನು ಎಷ್ಟು ಬೇಗ ಬಿಡುತ್ತದೆ ಎಂಬುದಲ್ಲ, ಏನನ್ನು ತಡೆಯುತ್ತದೆ ಮತ್ತು ಎಷ್ಟು ದಿನ ಬಾಳುತ್ತದೆ ಎಂಬುದು. ಜಗತ್ತಿನ ಬಹುಪಾಲು ರಿವರ್ಸ್ ಆಸ್ಮೋಸಿಸ್ (ಆರ್‌ಒ) ಸ್ಥಾವರಗಳಲ್ಲಿ ಇವತ್ತಿಗೂ ದುಡಿಯುತ್ತಿರುವುದು ಕ್ಯಾಡಾಟ್ ಅವರ ದಾರಿಯಲ್ಲಿ ಬಂದ ಪಾಲಿಅಮೈಡ್ ಪೊರೆಯೇ.