ಗೆಲ್ಲಿಸಿದ ಟರ್ಬೊವನ್ನು ಕೈಬಿಟ್ಟವರು

1988ರ ಸೆಪ್ಟೆಂಬರ್. ಇಟಲಿಯ ಮೊಂಜಾದಲ್ಲಿ ಫಾರ್ಮುಲಾ ಒನ್ ರೇಸ್ ಮುಗಿದಿತ್ತು. ಆ ವರ್ಷದ 16 ರೇಸುಗಳಲ್ಲಿ ಮೆಕ್ಲಾರೆನ್ ತಂಡ ಸೋತದ್ದು ಅದೊಂದನ್ನೇ. ಮಿಲಾನಿನ ಲಿನಾಟೆ ನಿಲ್ದಾಣದಲ್ಲಿ ವಿಮಾನ ತಡವಾಗಿ, ತಂಡದ ನಾಲ್ವರು ಪ್ರಮುಖರು ಕಾಯುತ್ತ ಕುಳಿತರು. ಹೊತ್ತು ಕಳೆಯಲು ಆಡಿದ ಮಾತು, ರಸ್ತೆಯ ಮೇಲೆ ಓಡುವ ಕಾರೊಂದನ್ನು ನಾವೇ ಏಕೆ ಮಾಡಬಾರದು ಎನ್ನುವಲ್ಲಿಗೆ ಬಂತು. ಆ ನಾಲ್ವರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ ವಿನ್ಯಾಸಕಾರ ಗಾರ್ಡನ್ ಮರ್ರೆ.

ಈ ಕಥೆಯನ್ನು ನಾನು ಓದಿದ್ದು ನನ್ನ ಟರ್ಬೊ ಕಾರನ್ನು ಮಾರಿದ ಮೇಲೆ. ಮೊದಲೇ ಓದಿದ್ದರೆ ಒಂದಿಷ್ಟು ದುಡ್ಡಾದರೂ ಉಳಿಯುತ್ತಿತ್ತು.

ಎಂಜಿನ್ ಉಗುಳುವ ಹೊಗೆಯಿಂದಲೇ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಅದರ ಬಲದಿಂದ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಕ್ಕೆ ತುರುಕುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ವ್ಯರ್ಥವಾಗುವ ಹೊಗೆಯಿಂದ ಶಕ್ತಿ ತೆಗೆಯುವ ಉಪಾಯ ಸೊಗಸಾದದ್ದೇ. ಆದರೆ ಚಕ್ರ ವೇಗ ಹಿಡಿಯಲು ಸಮಯ ಬೇಕು. ಹಳೆಯ ಟರ್ಬೊಗಳಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೇ ಆಗುತ್ತಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ಪೋರ್ಷೆ 911 ಟರ್ಬೊದಲ್ಲಿ 260 ಅಶ್ವಶಕ್ತಿಯ ಎಂಜಿನ್ ಹಿಂದಿನ ಚಕ್ರಗಳಿಗೂ ಹಿಂದೆ ಕೂತಿತ್ತು. ತಿರುವಿನ ನಡುವೆ ಹೆದರಿ ಕಾಲು ತೆಗೆದರೆ ಕಾರಿನ ಹಿಂಭಾಗ ಮುಂದೆ ಬರಲು ಹವಣಿಸುತ್ತಿತ್ತು. ಹೆಂಗಸರನ್ನು ವಿಧವೆಯರನ್ನಾಗಿಸುವ ಕಾರು ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬರಲಿಲ್ಲ.

ನನ್ನದು ಅಷ್ಟು ದೊಡ್ಡ ಹೆಸರಿನ ಕಾರಲ್ಲ. ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಸೆಕೆಂಡ್‌ಹ್ಯಾಂಡ್ ಕಾರು. ಮಳೆ ಆಗಷ್ಟೇ ನಿಂತ ಒಂದು ಸಂಜೆ, ಬ್ಲ್ಯಾಕ್ ಫಾರೆಸ್ಟಿನ ತಿರುವೊಂದರಲ್ಲಿ ಆತುರಪಟ್ಟು ಆಕ್ಸಿಲರೇಟರ್ ಒತ್ತಿದೆ. ತಪ್ಪು ಮಾಡಿದೆ ಎಂದು ನನಗೆ ಹೊಳೆದ ಮೇಲೆ ಶಕ್ತಿ ಬಂತು! ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಬದುಕಿದೆವು. ಪಕ್ಕದಲ್ಲಿದ್ದ ಹೆಂಡತಿ ಮನೆ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ.

ಮರ್ರೆ ಟರ್ಬೊ ಗೊತ್ತಿಲ್ಲದೆ ಅದನ್ನು ಬೇಡವೆಂದವರಲ್ಲ. 1983ರಲ್ಲಿ ನೆಲ್ಸನ್ ಪಿಕೆ ವಿಶ್ವ ಚಾಂಪಿಯನ್ ಆದದ್ದು ಮರ್ರೆ ವಿನ್ಯಾಸ ಮಾಡಿದ ಬ್ರಾಭಮ್ ಕಾರಿನಲ್ಲಿ. ಟರ್ಬೊ ಕಾರಿನಲ್ಲಿ ಆ ಪಟ್ಟ ಗೆದ್ದ ಮೊದಲ ಚಾಲಕ ಪಿಕೆ. ಅದರ 1.5 ಲೀಟರಿನ ಬಿಎಂಡಬ್ಲ್ಯು ಎಂಜಿನ್ ಪಾಲ್ ರೋಶೆಯವರದು. ಪೇಟೆಯಲ್ಲಿ ಓಡಾಡುವ ಸಾಮಾನ್ಯ ಕಾರಿನ ಎಂಜಿನ್ನಿನ ಬುಡದಿಂದಲೇ ಅದನ್ನು ಬೆಳೆಸಿದ್ದರು. 1988ರ ಮೆಕ್ಲಾರೆನ್‌ನಲ್ಲಿದ್ದದ್ದೂ ಟರ್ಬೊ, ಹೋಂಡಾದ್ದು.

ಇಷ್ಟಾದರೂ ತಮ್ಮ ರಸ್ತೆ ಕಾರಿಗೆ ಟರ್ಬೊ ಬೇಡ ಎಂದರು ಮರ್ರೆ. ಕಾಲು ಒತ್ತಿದ್ದಕ್ಕೂ ಚಕ್ರ ಉತ್ತರ ಕೊಡುವುದಕ್ಕೂ ನಡುವೆ ತಡ ಇರಕೂಡದು ಎಂಬುದು ಅವರ ಹಟ. ಎಂಜಿನ್ ಮಾಡಿಕೊಟ್ಟವರು ಯಾರು ಗೊತ್ತೆ? ಅದೇ ರೋಶೆ. ಟರ್ಬೊದಿಂದ ಒಟ್ಟಿಗೆ ಗೆದ್ದಿದ್ದ ಇಬ್ಬರೂ ಸೇರಿ 6.1 ಲೀಟರಿನ, 12 ಸಿಲಿಂಡರುಗಳ, ಟರ್ಬೊ ಇಲ್ಲದ ಎಂಜಿನ್ನಿಗೆ ಬಂದು ನಿಂತರು. ಈ ಜೋಡಿಯ ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನು ಹ್ಯಾಂಡ್ಲಿಂಗ್. ಆ ಕಾಲದ ಫೆರಾರಿ, ಪೋರ್ಷೆಗಳನ್ನೆಲ್ಲ ಬಲ್ಲ ಮರ್ರೆಗೆ ಅಳತೆಗೋಲಾಗಿ ಕಂಡದ್ದು ಹೋಂಡಾ ಎನ್‌ಎಸ್‌ಎಕ್ಸ್. 3 ಲೀಟರಿನ ಎಂಜಿನ್, ಸುಮಾರು 270 ಅಶ್ವಶಕ್ತಿ, ಅಲ್ಯುಮಿನಿಯಂ ಒಡಲು. ಅದರ ಮಾದರಿಯನ್ನು ಸುಝುಕಾದಲ್ಲಿ ಓಡಿಸಿದ ಐರ್ಟನ್ ಸೆನ್ನಾಗೆ ಒಡಲು ಸ್ವಲ್ಪ ಅಳ್ಳಕ ಅನ್ನಿಸಿತು. ಹೋಂಡಾದವರು ಮತ್ತೆ ಕೂತು ಅದನ್ನು ಗಟ್ಟಿಗೊಳಿಸಿದರು. ಮರ್ರೆ ತಾವೂ ಒಂದು ಎನ್‌ಎಸ್‌ಎಕ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸಿದರು.

ಹಾಗೆಂದು ಮರ್ರೆಯವರನ್ನು ಶಕ್ತಿಯ ವೈರಿ ಎಂದುಕೊಳ್ಳಬೇಡಿ. 1992ರಲ್ಲಿ ಬೆಳಕು ಕಂಡ ಮೆಕ್ಲಾರೆನ್ ಎಫ್1 ಕಾರಿನದು 627 ಅಶ್ವಶಕ್ತಿ. 1998ರಲ್ಲಿ ಅದು ಗಂಟೆಗೆ 386 ಕಿಲೋಮೀಟರ್ ವೇಗ ಮುಟ್ಟಿತು. ಆದರೆ ತೂಕ 1,138 ಕಿಲೋ ಮಾತ್ರ. ಪವರ್ ಸ್ಟಿಯರಿಂಗ್ ಸಹ ಇಲ್ಲ, ರಸ್ತೆಯ ಸುದ್ದಿ ನೇರ ಅಂಗೈಗೆ. ತಯಾರಾದದ್ದು ಒಟ್ಟು 106. ನಮ್ಮಂಥವರು ಚಿತ್ರ ನೋಡಬಹುದು, ಅಷ್ಟೆ.

ನಮ್ಮಂಥವರಿಗೆ ಸಿಕ್ಕಿದ್ದು 1989ರಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮಾಜ್ದಾ ಎಂಎಕ್ಸ್-5. 1.6 ಲೀಟರಿನ ಎಂಜಿನ್, ಸುಮಾರು 115 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ನಾನು ಕೊಂಡದ್ದು ಅಂಥದೇ ಹಳೆಯದೊಂದನ್ನು. ನನ್ನ ಟರ್ಬೊ ಕಾರಿನ ಅರ್ಧದಷ್ಟೂ ಶಕ್ತಿಯಿಲ್ಲ, ಏರಿನಲ್ಲಿ ಏದುಸಿರು ಬಿಡುತ್ತದೆ. ಆದರೆ ಚಕ್ರ ಜಾರುವ ಮೊದಲೇ ಸ್ಟಿಯರಿಂಗ್ ಹಗುರಾಗಿ ಸುಳಿವು ಕೊಡುತ್ತದೆ.

ಹೆಂಡತಿಯನ್ನು ಒಪ್ಪಿಸಿ ಅದೇ ತಿರುವಿಗೆ ಮತ್ತೊಮ್ಮೆ ಹೋದೆ. ತಿರುವು ದಾಟಿ ಏರು ಹತ್ತುವಾಗ, ಹಿಂದಿನಿಂದ ಟರ್ಬೊ ಕಾರೊಂದು ಸಿಳ್ಳೆ ಹಾಕುತ್ತ ನಮ್ಮನ್ನು ಹಿಂದೆ ಹಾಕಿತು. ನನ್ನ ಬಲಗಾಲು ಸ್ವಲ್ಪ ಚಡಪಡಿಸಿರಬೇಕು.

"ಹೋಗ್ಲಿ ಬಿಡ್ರೀ," ಅಂದಳು.